ಕೋಳಿ ಕೂಡಿಸಿದ ಸಂಜೆ

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಚಳಿಗಾಲ. ಬೀದರಿನಲ್ಲಿ ಓದುತ್ತಿದ್ದ ನಾನು ರಜೆಗೆಂದು ಭಾಲ್ಕಿಯ ಮನೆಗೆ ಬಂದಿದ್ದೆ. ನಮ್ಮ ಮುಂದಿನ ಖೋಲಿಗೆ ಮೈಸೂರು ಕಡೆಯ ಗುಮಾಸ್ತರೊಬ್ಬರು ವರ್ಗವಾಗಿ ಬಂದು, ಹೆಂಡತಿಯೊಂದಿಗೆ ಬಾಡಿಗೆಗಿದ್ದರು. ಆಕೆ ಜೊತೆಗೆ ಮೂರು ಬಿಳಿ ಕೋಳಿಗಳನ್ನು ತಂದಿದ್ದರು. ಅವು ನಮ್ಮ ಸೋದರತ್ತೆಯ ಕೋಳಿಗಳ ಗೂಡನ್ನೇ ಹಂಚಿಕೊಂಡಿದ್ದವು.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಭಾತಂಬ್ರಾದಿಂದ ತಮ್ಮನ ಮನೆಗೆ ಬಂದವಳು. ಬರುವಾಗ ಕಂಕುಳಲ್ಲಿ ಒಂದು ಕರಿ ಹೇಂಟೆ ಹಿಡಿದುಕೊಂಡು ಬಂದಿದ್ದಳಂತೆ. ಅದರ ಸಂತತಿಯೇ ನಮ್ಮ ಅಂಗಳದ ಕರಿ ಕೋಳಿಗಳು. ಮನೆಯಲ್ಲಿ ಅವಳದೆನ್ನುವುದು ಇದ್ದದ್ದು ಅದೊಂದೇ. ಆ ತಿಂಗಳು ಇದ್ದ ಒಂದೇ ಕರಿ ಹುಂಜವನ್ನು ನಾಯಿ ಹಿಡಿಯಿತು. ಅದು ಬದುಕಿದ್ದಾಗ ಕರಿ ಹೇಂಟೆಗಳು ಇಟ್ಟ ತತ್ತಿಗಳನ್ನು ಅತ್ತೆ ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದಳು. ಅವು ಮರಿಯಾದರೆ ಆ ತಳಿ ಉಳಿಯುತ್ತಿತ್ತು. ತಡವಾದರೆ ಕೆಡುತ್ತಿದ್ದವು.

ಅಷ್ಟರಲ್ಲಿ ಒಂದು ಕರಿ ಕೋಳಿ ಖುಡಕಾಯಿತು. ಕಾವಿಗೆ ಕೂರುವ ಹಟ ಹಿಡಿದ ಕೋಳಿಗೆ ನಮ್ಮಲ್ಲಿ ಖುಡಕ ಎನ್ನುತ್ತಾರೆ. ಅದು ಗೂಡಿನ ಮೂಲೆ ಬಿಡದು, ಹತ್ತಿರ ಹೋದವರನ್ನು ಕುಕ್ಕುವುದು. ಬಿಳಿ ಕೋಳಿಗಳಿಗೂ ಮೊಟ್ಟೆಯಿಡಲು ಅದೇ ಮೂಲೆ ಬೇಕು. ದಿನವೂ ಜಗಳ.

ಅಪ್ಪ ಕಟ್ಟೆಯ ಮೇಲೆ ಕೂತೇ ತೀರ್ಪು ಕೊಟ್ಟ: “ಅಕ್ಕಾ, ಅದರ ಮೂಗಿನಾಗ ಒಂದು ಪುಕ್ಕ ಚುಚ್ಚು. ನೀರಾಗ ಮುಳುಗಿಸಿ ತಗಿ. ಖುಡಕ ಇಳೀತದ.”

“ಮೊದಲ ನಿನ್ನ ಮೂಗಿನಾಗ ಚುಚ್ಚತೇನಿ. ನೀನೂ ವರ್ಷಗಟ್ಟಲೆ ಈ ಕಟ್ಟಿ ಮ್ಯಾಲೇ ಖುಡಕಾಗಿ ಕುಂತಿದಿ,” ಎಂದಳು ಅತ್ತೆ.

ಅವಳ ನಿರ್ಧಾರ ಆಗಿಹೋಗಿತ್ತು. ಗೂಡಿನಲ್ಲಿಟ್ಟರೆ ಉಳಿದವು ತತ್ತಿ ಒಡೆಯುತ್ತವೆ. ಜೋಳದ ದಂಟಿನ ಕಣಿಕೆ ತುಂಬಿದ ಕೋಣೆಯಲ್ಲಿ ಬೇರೆಯಾಗಿ ಕಾವಿಗೆ ಕೂರಿಸುವುದೇ ಸರಿ. ಕೋಣೆಯಲ್ಲಿ ಬುಟ್ಟಿಗೆ ಹೊಟ್ಟು ಹಾಸಿ, ತತ್ತಿ ಜೋಡಿಸಿದಳು. ಕೋಳಿಯನ್ನು ಅಂಗಳದಲ್ಲಿ ಇನ್ನೊಂದು ಬುಟ್ಟಿಯಡಿ ಮುಚ್ಚಿಟ್ಟಳು. ಹಗಲಲ್ಲಿ ಜಾಗ ಬದಲಿಸಿದರೆ ಕೋಳಿ ಎದ್ದುಬಿಡುತ್ತದೆಂದು ಕತ್ತಲಾಗುವುದನ್ನು ಕಾಯುತ್ತಿದ್ದಳು.

ಮಧ್ಯಾಹ್ನ ಔರಾದದಿಂದ ಸುದ್ದಿ ಬಂತು. ಬಾಣಂತಿಯಾಗಿದ್ದ ಅವಳ ಮಗಳಿಗೆ ಜ್ವರ. ಹೊರಡಲಿದ್ದ ಬಸ್ಸು ತಪ್ಪಿದರೆ ಆ ದಿನ ಇನ್ನೊಂದಿಲ್ಲ. ತತ್ತಿ ಮುಟ್ಟಲು ಹೆಣ್ಣಿನ ಕೈಯೇ ಆಗಬೇಕು ಎಂಬುದು ಅವಳ ನಂಬಿಕೆ; ನಮ್ಮ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಹೊರಡುತ್ತ ಗುಮಾಸ್ತರ ಹೆಂಡತಿಗೆ ಹೇಳಿದಳು: “ಅಕ್ಕಾರ, ಹೊತ್ತು ಮುಳುಗಿದ ಮ್ಯಾಲ ಆ ಖುಡಕ ಕೋಳಿ ಕೂಡಸ್ರಿ. ಮರೀಬ್ಯಾಡ್ರಿ.”

“ಆಗಲಿ ಅಮ್ಮ, ನೀವು ಹೋಗಿಬನ್ನಿ,” ಎಂದರು ಆಕೆ. ನಾನೂ ಅಪ್ಪನೂ ಅಲ್ಲೇ ಇದ್ದೆವು. ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ನಮಗೆ ಹೊಳೆಯಲಿಲ್ಲ.

ಬೆಳಿಗ್ಗೆ ಆಕೆ ಗೂಡಿನ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟರು. ನಾನು ಹೋಗಿ ಬಗ್ಗಿ ನೋಡಿದೆ. ಕರಿ ಕೋಳಿ ಮೂಲೆಯಲ್ಲಿತ್ತು. ಜುಟ್ಟು ಹರಿದಿತ್ತು. ಒಂದು ಕಣ್ಣು ಇರಲಿಲ್ಲ. ಬಿಳಿ ಕೋಳಿಗಳ ಎದೆಯ ಮೇಲೆ ರಕ್ತ ಒಣಗಿತ್ತು. ನಮ್ಮವೇ ಕರಿ ಕೋಳಿಗಳ ಕೊಕ್ಕಿನಲ್ಲೂ ಅದೇ ರಕ್ತ. ಬಾಗಿಲು ತೆರೆದದ್ದೇ ಅವೆಲ್ಲ ಎಂದಿನಂತೆ ಕಾಳಿಗೆ ಓಡಿಬಂದವು.

ಮಗಳ ಜ್ವರ ಇಳಿಯಿತೆಂದು ಅತ್ತೆ ಮಧ್ಯಾಹ್ನವೇ ಮರಳಿದಳು. ಕೋಳಿಯನ್ನು ಎತ್ತಿಕೊಂಡು, ತಿರುಗಿಸಿ ನೋಡಿದಳು.

“ಗೂಡಿನಾಗ ಯಾಕ ಹಾಕಿದ್ರಿ?”

“ನೀವೇ ಅಲ್ವಾ ಅಮ್ಮ, ಕೂಡಿಸಿ ಅಂದಿದ್ದು? ಅದಕ್ಕೇ ಎಲ್ಲದರ ಜೊತೆ ಕೂಡಿಸಿದೆ.”

“ತತ್ತಿ ಮ್ಯಾಲ ಕೂಡಸ್ರಿ ಅಂದಿದ್ದೆ.”

“ಕೂರಿಸಿ ಅಂದಿದ್ರೆ ಕೂರಿಸ್ತಿದ್ದೆ,” ಎಂದರು ಆಕೆ. ಮುಖ ಬಿಳಿಚಿಕೊಂಡಿತ್ತು.

ನಮ್ಮಲ್ಲಿ ಮನೆಗೆ ಬಂದವರಿಗೆ “ಕೂಡ್ರಿ” ಎನ್ನುತ್ತೇವೆ, ಕುಳಿತುಕೊಳ್ಳಿ ಎಂದು. ಆಕೆಯ ಊರಿನಲ್ಲಿ ಕೂಡಿಸುವುದೆಂದರೆ ಒಟ್ಟುಗೂಡಿಸುವುದು. ಎರಡೂ ಕನ್ನಡವೇ. ಇದು ತಿಳಿದಾಗ ಅಂಗಳದಲ್ಲಿದ್ದ ನಾವು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಯ್ಯಲು ಯಾರೂ ಸಿಗದೇ ಹೋದದ್ದು ಅತ್ತೆಗೆ ಹೆಚ್ಚು ಕಷ್ಟವಾಯಿತೆಂದು ನನಗನಿಸುತ್ತದೆ.

ಅವಳು ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಿದಳು. ಹೊತ್ತು ಮುಳುಗಿದ ಮೇಲೆ ತಾನೇ ಕೋಳಿಯನ್ನು ಕಣಿಕೆ ಕೋಣೆಗೆ ಒಯ್ದು ತತ್ತಿಗಳ ಮೇಲಿಟ್ಟಳು. ಅದು ಎದ್ದು ನಿಂತಿತು. ಒತ್ತಿ ಹಿಡಿದಳು, ಕೈ ತೆಗೆದೊಡನೆ ಬುಟ್ಟಿಯಿಂದ ಇಳಿಯಿತು. ಮರುದಿನವೂ ಹಾಗೇ. ಮೂರನೆಯ ಬೆಳಗ್ಗೆ ಅದು ಒಕ್ಕಣ್ಣಿನಲ್ಲೇ ತಿಪ್ಪೆ ಕೆದರುತ್ತ, ತನ್ನನ್ನು ಕುಕ್ಕಿದವುಗಳ ನಡುವೆ ಹುಳ ಹುಡುಕುತ್ತಿತ್ತು.

“ಖುಡಕ ಇಳಿದದ,” ಎಂದಳು ಅತ್ತೆ, ಯಾರಿಗೂ ಅಲ್ಲದಂತೆ.

“ಚಿಂತಾಕಿ ಊರ ಕಡಿ ಯಾರ ಮನ್ಯಾಗರ ಖುಡಕ ಕೋಳಿ ಇದ್ದರ ತತ್ತಿ ಕಳಸೋಣೇನ?” ಎಂದು ಅಪ್ಪ ಮೆಲ್ಲಗೆ ಕೇಳಿದ. ಪುಕ್ಕ ಚುಚ್ಚು ಎಂದಿದ್ದವನೇ ಅವನು.

“ಬಸ್ಸಿನಾಗ ಕುಲುಕಿದ ತತ್ತಿ ಮರಿ ಆಗಂಗಿಲ್ಲ, ತಮ್ಮಾ. ಬಿಡು.”

ಅಂದು ಅತ್ತೆ ಒಲೆ ಮುಂದೆ ಕೂತು ತತ್ತಿಗಳನ್ನು ಒಂದೊಂದಾಗಿ ಒಡೆದಳು. ಪ್ರತಿಯೊಂದನ್ನೂ ಮೂಸಿ ನೋಡಿ ಬೋಗುಣಿಗೆ ಹಾಕಿದಳು. ಒಂದೂ ಕೆಟ್ಟಿರಲಿಲ್ಲ. ಉಳ್ಳಾಗಡ್ಡಿ, ಖಾರ ಹಾಕಿ ಪಲ್ಯ ಮಾಡಿ, ಮುಂದಿನ ಖೋಲಿಗೂ ಒಂದು ಬಟ್ಟಲು ಕಳಿಸಿದಳು. ನಮಗೆ ರೊಟ್ಟಿ ಬಡಿಸಿದಳು. ಅಪ್ಪ ತುತ್ತು ಹಿಡಿದು ಕೂತಿದ್ದ.

“ಉಣ್ಣು, ತಮ್ಮಾ,” ಎಂದು ತನ್ನ ತಾಟಿಗೂ ಬಡಿಸಿಕೊಂಡಳು.

ಅವಳು ಕೊನೆಯ ತುತ್ತಿನವರೆಗೂ ಉಂಡಳು.