ಜೀರುಂಡೆ ಹಿಡಿಯುವ ಅತ್ತಿಗೆ

ತಂತಿವಾದ್ಯಗಳನ್ನು ನುಡಿಸಿ ಹೆಸರಾದವರು ಅನೇಕರು, ಅವುಗಳನ್ನು ಕಟ್ಟಿ ಹೆಸರಾದವರೂ ಉಂಟು. ಆದರೆ ವಾದ್ಯವೊಂದು ನುಡಿಯಬಾರದ್ದನ್ನು ನುಡಿಯದಂತೆ ಮಾಡಿಯೇ ಹೆಸರಾದವರು ನಾವು ಕಂಡಂತೆ ಒಬ್ಬರೇ. ಎಲೆಕ್ಟ್ರಿಕ್ ಗಿಟಾರಿನ ಒಡಲಲ್ಲಿ ಎಲ್ಲಿಂದಲೋ ಏಳುವ ಜಿರಿಜಿರಿ ಸದ್ದನ್ನು, ನಮ್ಮ ಗಿಟಾರ್ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ‘ಜೀರುಂಡೆ’ಯನ್ನು, ಹುಡುಕಿ ಹಿಡಿಯುವ ವಿದ್ಯೆಯಲ್ಲಿ ಅವರಿಗೆ ಸರಿಸಾಟಿಯಿಲ್ಲ. ಅವರು ಈಗ ನಿವೃತ್ತರಾಗಿದ್ದಾರೆ. ವಾದಕರ ಬಳಗ ಹೊರತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಅವರನ್ನು ಹೊಗಳುವ ಲೇಖನಗಳಿಗೆ ಬರವಿರಲಾರದು. ಅವರನ್ನು ಕಂಡು ಒಳಗೊಳಗೇ ಬೆಂದವರೊಬ್ಬರ ಕಡೆಯಿಂದಲೂ ಒಮ್ಮೆ ಅವರನ್ನು ನೋಡಬೇಕೆಂಬುದು ಈ ಬರಹದ ಆಸೆ. ಹೊಗಳಿಕೆಯಲ್ಲಿ ಅಷ್ಟಿಷ್ಟು ಸುಳ್ಳು ಬೆರೆಯುತ್ತದೆ. ಹೊಟ್ಟೆಕಿಚ್ಚು ಮಾತ್ರ ಅಪ್ಪಟವಾಗಿರುತ್ತದೆ.

ಹಾಗೆ ಬೆಂದವನು ಅವರ ಸ್ವಂತ ಮೈದುನ. ನಮ್ಮ ದುರಸ್ತಿ ಕೋಣೆಯ ಮೊದಲ ಮೇಸ್ತ್ರಿ ಆತನೇ. ಗಾಜಿನ ಬಾಗಿಲಿನ ಹಿಂದೆ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಬಗ್ಗುವ ಕತ್ತಿನ ದೀಪ, ಮೂಲೆಯಲ್ಲಿ ಹಳೆಯ ಆಂಪ್ಲಿಫೈಯರ್, ಸ್ಕ್ರೂಗಳ ತಟ್ಟೆ: ಇಷ್ಟನ್ನೂ ಓರಣವಾಗಿ ಜೋಡಿಸಿಕೊಂಡು ಆತ ಒಬ್ಬನೇ ರಾಜನಂತಿದ್ದ. ಒಂದು ದಿನ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದ. ಮದುವೆಯಾಗಿ ಬಂದು ಇನ್ನೂ ಹೊಸಬರಾಗಿದ್ದ ಅತ್ತಿಗೆ ಡಬ್ಬಿ ಹಿಡಿದು ಅಂಗಡಿಗೆ ಬಂದರು. ಆಗ ಮೇಸ್ತ್ರಿ ಬೆಳಗಿನಿಂದ ಸತಾಯಿಸುತ್ತಿದ್ದ ಗಿಟಾರೊಂದನ್ನು ಮೀಟುತ್ತ, ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳನ್ನು ಮತ್ತೆ ಮತ್ತೆ ಉಜ್ಜುತ್ತ ಕುಳಿತಿದ್ದ. ಅತ್ತಿಗೆ ಡಬ್ಬಿ ಇಟ್ಟವರು ಹೊರಡಲಿಲ್ಲ.

“ಅಲ್ಲಲ್ಲಪ್ಪ, ತಲೆ ಹತ್ರ. ಆ ತಿರುಗಿಸೋ ಬಿರಡೆ ಅಲ್ಲಾಡ್ತಿದೆ ನೋಡು,” ಎಂದರು.

ಬಿರಡೆಯ ಸಣ್ಣ ನಟ್ಟು ಸಡಿಲವಾಗಿತ್ತು. ಅಂಗಡಿಯ ಮಾಲೀಕರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮರುವಾರ ಅದೇ ಕೋಣೆಯಲ್ಲಿ ಅತ್ತಿಗೆಯವರಿಗೆಂದು ಎರಡನೆಯ ಮೇಜು ಬಂದು ಕೂತಿತು. ಅಂದು ಡಬ್ಬಿ ಮರೆಯದೇ ಹೋಗಿದ್ದರೆ ಎಂದು ಮೇಸ್ತ್ರಿ ಇಂದಿಗೂ ಕೈ ಕೈ ಹಿಸುಕಿಕೊಳ್ಳುತ್ತಾನೆ.

ಅತ್ತಿಗೆಯವರ ಕ್ರಮ ನೋಡುವುದಕ್ಕೆ ಬಲು ಸರಳ. ಗಿಟಾರಿನ ಒಡಲಿನ ಕೋಡಿನಂಥ ತುದಿಗೆ ದವಡೆ ಆನಿಸಿ ಕೂರುವರು. ಒಂದು ಕೈಯಲ್ಲಿ ಒಂದೊಂದೇ ಸ್ವರವನ್ನು ಮೀಟುವರು. ಜೀರುಂಡೆ ಕೂಗಿದ ಸ್ವರ ಸಿಕ್ಕೊಡನೆ ಅದನ್ನೇ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ಬಿರಡೆ, ತಂತಿಯ ಸದ್ದು ಹಿಡಿಯುವ ಪಿಕಪ್ಪು, ಸ್ಪ್ರಿಂಗು, ಗುಂಡಿ, ತಗಡು, ಎಲ್ಲವನ್ನೂ ಒಂದೊಂದಾಗಿ ಒತ್ತುತ್ತ ಹೋಗುವರು. ಎಲ್ಲಿ ಒತ್ತಿದಾಗ ಸದ್ದು ನಿಂತಿತೋ ಅಲ್ಲೇ ಕಳ್ಳ. ಸ್ಕ್ರೂ ಬಿಗಿ ಮಾಡಿ, ಮತ್ತೆ ಸಡಿಲವಾಗದಿರಲೆಂದು ಅದರ ತಲೆಗೆ ಕೆಂಪು ಉಗುರುಬಣ್ಣದ ಒಂದು ಹನಿ ಇಡುವರು. ಮೇಸ್ತ್ರಿಗೂ ಈ ಕ್ರಮ ಗೊತ್ತಿತ್ತು. ಆದರೆ ಆತ ಇಡೀ ಗಿಟಾರನ್ನು ಒತ್ತಿ ಮುಗಿಸುವಷ್ಟರಲ್ಲಿ ಅತ್ತಿಗೆ ಎರಡೋ ಮೂರೋ ಕಡೆ ಬೆರಳಿಟ್ಟು ಎದ್ದಿರುತ್ತಿದ್ದರು. ಇದು ಯಾವ ನ್ಯಾಯ ಎಂಬುದು ಆತನ ಅಳಲು.

ಗಿರಾಕಿಗಳಂತೂ ಉರಿಯುವ ಗಾಯಕ್ಕೆ ಉಪ್ಪು ಸವರಲೆಂದೇ ಹುಟ್ಟಿದವರು. ಮೈದುನ ಕರೆಯುವುದನ್ನು ಕೇಳಿ ಕೇಳಿ ಊರಿಗೆಲ್ಲ ಅವರು ಅತ್ತಿಗೆಯೇ ಆದರು, ತಲೆ ನರೆತ ವಾದಕರೂ ಬಂದು “ಅತ್ತಿಗೆ ಇದಾರಾ?” ಎನ್ನುತ್ತಿದ್ದರು.

“ನಾನಿದೀನಲ್ಲ, ಕೊಡಿ,” ಎಂದು ಮೇಸ್ತ್ರಿ ಕೈ ಚಾಚಿದರೆ, “ಪರವಾಗಿಲ್ಲ ಬಿಡಿ, ಕಾಯ್ತೀನಿ,” ಎಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಕ್ರಮೇಣ ಆತ ಬರೀ ಮೇಸ್ತ್ರಿಯಾಗಿ ಉಳಿಯದೆ ‘ಚಿಕ್ಕ ಮೇಸ್ತ್ರಿ’ ಆದ. ಸೇವೆಯಲ್ಲಿ ಹಿರಿಯ, ಹೆಸರಿನಲ್ಲಿ ಕಿರಿಯ. ಆತನಿಗೆ ಉಳಿದದ್ದು ಒಂದೇ ಆಸೆ: ನಾಲ್ಕು ಜನರ ಮುಂದೆ ಅತ್ತಿಗೆ ಒಮ್ಮೆಯಾದರೂ “ಇದು ನನ್ನಿಂದ ಆಗಲಿಲ್ಲ, ಇವನಿಂದ ಆಯಿತು” ಎನ್ನಬೇಕು. ಆ ಒಂದು ಮಾತಿಗಾಗಿ ಆತ ವರ್ಷಗಟ್ಟಲೆ ಅವರ ಎದುರು ಮೇಜಿನಲ್ಲಿ ಕೂತಿದ್ದ.

ಅತ್ತಿಗೆಯವರ ಉಪಕಾರಗಳನ್ನು ನೆನೆಯುವಾಗ ಕನ್ನಡಕದ ಪ್ರಸಂಗವನ್ನು ಬಿಡುವಂತಿಲ್ಲ. ಒಂದು ಮಳೆಗಾಲ ಮೇಸ್ತ್ರಿಯ ಮೇಜಿಗೆ ಬಂದ ಗಿಟಾರುಗಳಿಗೆಲ್ಲ ಒಂದೇ ರೋಗ: ಮೂರನೆಯ ತಂತಿಯ ಒಂದೇ ಒಂದು ಸ್ವರದಲ್ಲಿ ಜೀರುಂಡೆ. ಆತ ಕತ್ತು ಬಿಚ್ಚಿದ, ಒಳಗಿನ ಉಕ್ಕಿನ ಸರಳನ್ನು ಬಿಗಿಮಾಡಿದ, ತಂತಿ ಕಂಪನಿಗೆ ಶಾಪ ಹಾಕಿದ. ವಿಚಿತ್ರವೆಂದರೆ ಗಿರಾಕಿ ಬಂದು ನುಡಿಸಿದರೆ ಏನೂ ಇಲ್ಲ! “ನಿಮ್ಮ ಕಿವೀಲೇ ಏನೋ ಹೊಕ್ಕಿರಬೇಕು ಮೇಸ್ತ್ರೀ,” ಎಂದೊಬ್ಬ ನಕ್ಕ. ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನ ಆ ಸದ್ದು ತಾನಾಗಿ ಮಾಯವಾಯಿತು. “ಇವನೇ ಏನೋ ಸರಿಮಾಡಿದಾನೆ, ನನಗೂ ಹೇಳ್ತಿಲ್ಲ,” ಎಂದು ಅತ್ತಿಗೆ ಮಾಲೀಕರ ಮುಂದೆ ಹೇಳಿದರು. ಮೇಸ್ತ್ರಿ ಎದೆಯುಬ್ಬಿಸಿಕೊಂಡು ಮನೆಗೆ ಹೋದ. ಊಟಕ್ಕೆ ಕೂರುವ ಮೊದಲು ಕನ್ನಡಕ ಒರೆಸಲು ತೆಗೆದರೆ, ಕಡ್ಡಿ ಮಡಿಸುವ ಜಾಗದ ಸ್ಕ್ರೂವಿನ ಮೇಲೆ ಕೆಂಪು ಉಗುರುಬಣ್ಣದ ಒಂದು ಹನಿ.

ಇಷ್ಟು ದಿನ ಗಿಟಾರಿನ ಮೇಲೆ ಬಗ್ಗಿದಾಗ ಅದುರುತ್ತಿದ್ದದ್ದು ಮೂಗಿನ ಮೇಲಿನ ಗಾಜು! ಅತ್ತಿಗೆ ಯಾರಿಗೂ ತಿಳಿಯದಂತೆ ಬಿಗಿ ಮಾಡಿ, ಕೀರ್ತಿಯನ್ನು ಆತನಿಗೇ ಬಿಟ್ಟುಕೊಟ್ಟಿದ್ದರು. ಇನ್ನೊಬ್ಬನಾಗಿದ್ದರೆ ಕಣ್ಣು ತುಂಬಿ ಬರುತ್ತಿತ್ತು. ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಗೆದ್ದವರು ಬೀಗಿದರೆ ಬೈದುಕೊಂಡಾದರೂ ಹಗುರಾಗಬಹುದು; ಹೀಗೆ ಮರ್ಯಾದೆ ಉಳಿಸಿಬಿಟ್ಟರೆ ಏನು ಮಾಡುವುದು? “ಊಟ ಬೇಡ,” ಎಂದು ಎದ್ದುಹೋದ ಎಂದು ಆತನ ಹೆಂಡತಿ ಹೇಳುತ್ತಾರೆ.

ಕೊನೆಕೊನೆಯ ವರ್ಷಗಳಲ್ಲಿ ಈ ಉರಿಗೆ ಹೊಸ ಸೌದೆ ಬಿತ್ತು. ಅತ್ತಿಗೆ ಯಾವ ಗಿಟಾರನ್ನು ಎತ್ತಿಕೊಂಡರೂ ಮೈದುನನನ್ನು ಪಕ್ಕಕ್ಕೆ ಕರೆದು, ಬೆರಳಿಡುತ್ತ, “ನಿನಗೆ ಕೇಳಿಸ್ತಾ? ಈಗ? ಈಗ ನಿಂತಿತಾ?” ಎಂದು ಕೇಳತೊಡಗಿದರು. ಗಿರಾಕಿಗಳ ಎದುರಿಗೇ ತನಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದಾರೆಂದು ಮೇಸ್ತ್ರಿ ಕುದಿದುಹೋದ. “ಇದೆ.” “ಇದೆ.” “ನಿಂತಿತು.” ಇಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದ. ಆದರೂ ಒಂದು ಸಲವೂ ತಪ್ಪಾಗಿ ಹೇಳಲಿಲ್ಲ. ಅತ್ತಿಗೆಯವರ ಪರೀಕ್ಷೆಯಲ್ಲಿ ಫೇಲಾಗಲು ಆತ ತಯಾರಿರಲಿಲ್ಲ.

ಬೀಳ್ಕೊಡುಗೆಯ ಸಂಜೆ ಅಂಗಡಿಯ ಮುಂಭಾಗದಲ್ಲಿ ಕುರ್ಚಿ ಹಾಕಿದ್ದೆವು. ವಾದಕರೆಲ್ಲ ಬಂದಿದ್ದರು. ಮಾತನಾಡಿದವರೆಲ್ಲರೂ ಅತ್ತಿಗೆಯವರ ಕಿವಿಯನ್ನು ಕೊಂಡಾಡಿದರು. ಹಿಂದಿನ ಸಾಲಿನಲ್ಲಿ ಮೇಸ್ತ್ರಿ ಕೈಕಟ್ಟಿ ಕೂತಿದ್ದ. ಕೊನೆಗೆ ಅತ್ತಿಗೆ ಎದ್ದು ನಿಂತರು.

“ಕಿವಿ ಕಿವಿ ಅಂತೀರಲ್ಲ, ನನ್ನ ಕಿವಿ ಹೋಗಿ ವರ್ಷಗಳೇ ಆಯ್ತು. ಮಾತು ಕೇಳಿಸತ್ತೆ, ಜೀರುಂಡೆ ಕೇಳಿಸಲ್ಲ. ಇಷ್ಟು ದಿನ ನಿಮ್ಮ ಗಿಟಾರ್ ಕೇಳಿದ್ದೆಲ್ಲ ಇವನ ಕಿವಿ. ನನ್ನಿಂದ ಆಗ್ತಿರಲಿಲ್ಲ, ಇವನಿಂದ ಆಯ್ತು.”

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎಂಥ ದೊಡ್ಡ ಮನಸ್ಸು, ಎಂಥ ಸರಳತೆ ಎನ್ನುತ್ತ, ಅತ್ತಿಗೆಯವರ ಕಡೆಗೇ ತಿರುಗಿ! ಮೇಸ್ತ್ರಿ ಬಯಸಿ ಬಯಸಿ ಕಾದಿದ್ದ ಮಾತು ಬಂದಿತ್ತು, ಅದರ ಕೀರ್ತಿಯೂ ಅವರ ಪಾಲಿಗೇ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಆತನನ್ನು ಕೊರೆದದ್ದು ಬೇರೆ. ಇಷ್ಟು ವರ್ಷ ತಾನೇ ಮುಂದಿದ್ದ. ಒಂದು ದಿನವೂ ಅದನ್ನು ಅನುಭವಿಸಲಿಲ್ಲ. ಅಳಬೇಕೋ ಜಗಳವಾಡಬೇಕೋ ತಿಳಿಯದೆ ಆತ ಕುರ್ಚಿಗಳನ್ನು ಮಡಿಸಿ ಒಳಗಿಡತೊಡಗಿದ.

ಅತ್ತಿಗೆಯವರ ಮೇಜೂ ಈಗ ಆತನದೇ. ಮೊದಲ ವಾರವೇ ಒಂದು ನೀಲಿ ಗಿಟಾರ್ ಬಂತು. ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒತ್ತದ ಜಾಗವಿರಲಿಲ್ಲ, ಸದ್ದು ಮಾತ್ರ ನಿಲ್ಲಲಿಲ್ಲ. ಎರಡು ದಿನ ಹೆಣಗಿ, ಮೂರನೆಯ ದಿನ ಆತ ಗಿಟಾರನ್ನು ಹೆಗಲಿಗೇರಿಸಿಕೊಂಡು ಅತ್ತಿಗೆಯವರ ಮನೆಗೆ ನಡೆದ. ಅವರು ಬಟ್ಟೆ ಮಡಿಸುತ್ತಿದ್ದರು. ಏನೂ ಕೇಳದೆ ಕೈ ಒರೆಸಿಕೊಂಡು ಬಂದು, ಆತ ಮೀಟುತ್ತಿದ್ದಂತೆ ತಂತಿಗಳನ್ನು ಬೆರಳಿನಿಂದ ಸವರುತ್ತ ಹೋಗಿ, ಕತ್ತಿನ ತುದಿಗೂ ಬಿರಡೆಗಳಿಗೂ ನಡುವೆ, ಯಾರೂ ಎಂದೂ ನುಡಿಸದ ಆ ಗೇಣುದ್ದವೂ ಇಲ್ಲದ ತುಂಡು ತಂತಿಯ ಮೇಲೆ ಕೈಯಿಟ್ಟರು. ಸದ್ದು ಅಡಗಿತು. ಕಿವಿ ಹೋದರೂ ಬೆರಳಿದೆಯಲ್ಲ ಇವರಿಗೆ ಎಂದು ಮೇಸ್ತ್ರಿಗೆ ಮತ್ತೆ ಹೊಟ್ಟೆ ಉರಿಯಿತು. ತಂತಿಯ ಕೆಳಗೆ ಬಟ್ಟೆಯ ಚೂರೊಂದನ್ನು ಸಿಕ್ಕಿಸಿ ಕೊಟ್ಟು ಅವರು ಒಳಗೆ ಹೊರಟರು.

“ಅತ್ತಿಗೆ, ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?”

“ಎಲ್ಲಿಗಪ್ಪ? ನಂದು ನಿವೃತ್ತಿ ಆಯ್ತಲ್ಲ.”

“ಅಂಗಡಿಯಿಂದ ಆಯ್ತು,” ಎಂದ ಮೇಸ್ತ್ರಿ, ಗಿಟಾರನ್ನು ಚೀಲಕ್ಕೆ ತುಂಬುತ್ತ, ಮುಖವೆತ್ತದೆ. “ನನ್ನಿಂದ ಆಗಿಲ್ಲ.”

ಅತ್ತಿಗೆಯವರು ಈಗ ದಿನವೂ ಮಧ್ಯಾಹ್ನ ಬಂದು ಹೋಗುತ್ತಿದ್ದಾರೆ. ಅವರ ಆಯುಸ್ಸು ದೀರ್ಘವಾಗಲಿ, ಬೆರಳುಗಳ ಎಚ್ಚರ ಮಾಸದಿರಲಿ, ಹತ್ತು ಹಲವು ಜೀರುಂಡೆಗಳು ಇನ್ನೂ ಅವರ ಕೈಗೆ ಸಿಗಲಿ ಎಂದು ಬಳಗದವರೆಲ್ಲರ ಪರವಾಗಿ ಹಾರೈಸುತ್ತೇವೆ. ಮೇಸ್ತ್ರಿಯ ಹಾರೈಕೆ ನಮ್ಮೆಲ್ಲರದಕ್ಕಿಂತ ಒಂದು ತೂಕ ಹೆಚ್ಚು; ಸೋಲುವುದಕ್ಕೆ ಆತನಿಗೆ ಬೇರೆ ಯಾರೂ ಇಲ್ಲ.