ಬೀಟೆಗೆ ಅಂಟು ಹುಡುಕಿದ್ದು

ಭದ್ರಾವತಿಯ ನ್ಯೂಟೌನಿನಲ್ಲಿ ನನಗೆ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತ್ತು. ಸಂಸಾರವಿಲ್ಲದವನಿಗೆ ಒಂದು ಕೋಣೆ ಹೆಚ್ಚೇ. ಆ ಹೆಚ್ಚಿನ ಕೋಣೆಗೆ ಪ್ರತಿ ಭಾನುವಾರ ಓಲ್ಡ್ ಟೌನಿನ ಮೇಷ್ಟ್ರೊಬ್ಬರು ಚದುರಂಗಕ್ಕೆ ಬರುತ್ತಿದ್ದರು. ನನ್ನ ಮನೆಗೆ ಬರುತ್ತಿದ್ದ ಮನುಷ್ಯರೆಂದರೆ ಅವರೊಬ್ಬರೇ. ಅವರಿಗೆ ನನ್ನ ತಂದೆಯ ಕಾಲದ ಬೀಟೆ ಮರದ ಕುರ್ಚಿ, ನನಗೆ ಟ್ರಂಕು.

ಒಂದು ಭಾನುವಾರ ಕುರ್ಚಿಯ ಹಿಂಗಾಲು ಕಳಚಿ ಮೇಷ್ಟ್ರು ನೆಲಕ್ಕೆ ಬಿದ್ದರು. ಎದ್ದು, ಪಂಚೆ ಕೊಡವಿ, ಆಟ ಮುಗಿಸದೆ ಹೋದರು. ಮುಂದಿನ ವಾರ ಬರಲಿಲ್ಲ.

ಕುರ್ಚಿ ಸರಿಮಾಡದೆ ಯಾವ ಮುಖ ಹೊತ್ತು ಕರೆಯುವುದು? ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ? ಸರೇಸು ತಂದೆ. ಚರ್ಮ, ಮೂಳೆ ಬೇಯಿಸಿ ಮಾಡುವ ಈ ಅಂಟನ್ನು ಕರಗಿಸಲು ಇಟ್ಟರೆ ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ. ಹಚ್ಚಿ, ಹಗ್ಗ ಬಿಗಿದು, ಹಿಡಿದಿದೆಯೋ ಎಂದು ಗಂಟೆಗೊಮ್ಮೆ ಅಲ್ಲಾಡಿಸಿ ನೋಡಿದೆ. ಹಿಡಿಯಲಿಲ್ಲ. ಮರುವಾರ ಅಲ್ಲಾಡಿಸದೆ ಬರೀ ಮುಟ್ಟಿ ನೋಡಿದೆ. ಆಗಲೂ ಕಳಚಿತು.

ಮೂರನೆಯ ಭಾನುವಾರ ಆ ಕಾಲನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಶಿವಮೊಗ್ಗೆಗೆ ಹೋದೆ. ಗಾಂಧಿ ಬಜಾರಿನ ಹಿಂದಿದ್ದ ಆಚಾರಿಯೊಬ್ಬರು ಅದನ್ನು ಮೂಸಿ ನೋಡಿದರು.

"ಇದಕ್ಕೇನು ಹಚ್ತಿದ್ರಿ ಸ್ವಾಮಿ?"

"ಕೊಬ್ಬರಿ ಎಣ್ಣೆ. ತಿಂಗಳಿಗೊಮ್ಮೆ, ಹೊಳಪಿಗೆ."

"ತಲೆಗೂ ಇಷ್ಟು ಹಚ್ಚಿದ್ರೆ ಕೂದಲು ಉಳೀತಿತ್ತು," ಎಂದು ನನ್ನ ಬೋಳು ನೋಡಿ ನಕ್ಕರು. "ಬೀಟೆಗೆ, ತೇಗಕ್ಕೆ ಮೈಯೊಳಗೇ ಎಣ್ಣೆ ಇರುತ್ತೆ. ಅದರ ಮೇಲೆ ನಿಮ್ಮದು ಬೇರೆ. ಅಂಟು ಎಲ್ಲಿ ನಿಲ್ಬೇಕು?"

ಆಗಷ್ಟೇ ಪೇಟೆಗೆ ಬಂದಿದ್ದ ಬಿಳಿ ಅಂಟು ಆದೀತೇ ಎಂದೆ.

"ಆಗುತ್ತೆ. ಮೊದಲು ಹೊಸ ಮರ ಕಾಣೋವರೆಗೆ ಕೆರೀರಿ. ಸ್ಪಿರಿಟ್ ಬಟ್ಟೇಲಿ ಒರೆಸಿ, ಆರಿದ ತಕ್ಷಣ ಹಚ್ಚಿ. ಬೆಳಿಗ್ಗೆ ಕೆರೆದು ಸಂಜೆ ಹಚ್ಚಿದ್ರೆ ಎಣ್ಣೆ ಮತ್ತೆ ಮೇಲೆ ಬರುತ್ತೆ. ಆಮೇಲೆ ಒಂದು ದಿನ ಆ ಕಡೆ ತಲೆ ಹಾಕ್ಬೇಡಿ ಮಾರಾಯ್ರೆ."

ನಾಲ್ಕನೆಯ ಭಾನುವಾರ ಹಾಗೇ ಮಾಡಿದೆ. ಕೈ ಸುಮ್ಮನಿರದೆಂದು ಮನೆಗೆ ಬೀಗ ಹಾಕಿ ಭದ್ರೆಯ ಸೇತುವೆಯವರೆಗೆ ಮೂರು ಸಲ ನಡೆದುಬಂದೆ. ಮರುದಿನ ಕುರ್ಚಿಯ ಮೇಲೆ ಕೂತೆ, ಎತ್ತಿ ನೆಲಕ್ಕೆ ಕುಕ್ಕಿದೆ, ಕೊನೆಗೆ ಹತ್ತಿ ನಿಂತೆ. ಕದಲಲಿಲ್ಲ.

ಐದನೆಯ ಭಾನುವಾರ ಓಲ್ಡ್ ಟೌನಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಎದುರುಮನೆಯವರೊಡನೆ ಚದುರಂಗ ಆಡುತ್ತಿದ್ದರು.

"ಕುರ್ಚಿ ಸರಿಯಾಯ್ತು ಮೇಷ್ಟ್ರೇ. ಈಗ ಕಲ್ಲಿನ ಹಾಗಿದೆ."

"ಒಳ್ಳೇದಾಯ್ತು," ಎಂದರು ಕಾಯಿಗಳಿಂದ ಕಣ್ಣೆತ್ತದೆ. "ಅವತ್ತು ನಾನು ಬಿದ್ದಾಗ ನೀವು ಮೊದಲು ಎತ್ತಿದ್ದು ಕುರ್ಚೀನ. ಗೊತ್ತಾ ನಿಮಗೆ?"

ನನಗೆ ಗೊತ್ತಿರಲಿಲ್ಲ. ಎತ್ತಿರಬೇಕು, ನಾನು ಅಂಥವನೇ.

"ಒಂದು ವಾರ ಸೊಂಟ ಹಿಡ್ಕೊಂಡು ಮಲಗಿದ್ದೆ. ಬಂದು ನೋಡ್ತೀರಿ ಅಂದ್ಕೊಂಡಿದ್ದೆ."

ನಾಲ್ಕು ಭಾನುವಾರವೂ ನಿಮಗಾಗಿಯೇ ಅಂಟು ಹುಡುಕುತ್ತಿದ್ದೆ ಎಂದು ಹೇಳಬೇಕೆನಿಸಿತು. ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು ನೋಡಿದೆ. ನನಗೇ ನಾಚಿಕೆಯಾಗಿ ಬಿಟ್ಟೆ.

"ನಿಂತೇ ಇದ್ದೀರಲ್ರೀ, ಕೂತ್ಕೊಳ್ಳಿ," ಎಂದು ಮೇಷ್ಟ್ರು ಚಾಪೆಯಲ್ಲಿ ಸ್ವಲ್ಪ ಸರಿದರು. ಕೂತೆ. ಆಟ ಮುಗಿಯಿತು. ಎದುರುಮನೆಯವರು ತಮಗೂ ಮೇಷ್ಟ್ರಿಗೂ ಮತ್ತೆ ಕಾಯಿ ಜೋಡಿಸಿದರು. ಕತ್ತಲಾಗುವ ಮೊದಲು ಹೊರಡುತ್ತೇನೆ ಎಂದೆ. ಬಿಸಿಲು ಇನ್ನೂ ಜಗಲಿಯ ಮೇಲೇ ಇತ್ತು. ಇರಿ ಎಂದು ಯಾರೂ ಅನ್ನಲಿಲ್ಲ.