ಮಗ್ಗ ನಿಂತಾಗ ಹಾಡಿದ್ದು

ಹೋದ ತಿಂಗಳು ಅಟ್ಟದ ಮೇಲಿದ್ದ ಡಬ್ಬವನ್ನು ಇಳಿಸಿ, ಸುತ್ತಿದ್ದ ಹಳೇ ಸೀರೆ ಬಿಚ್ಚಿ, ಪ್ಲಗ್ಗಿಗೆ ಸಿಕ್ಕಿಸಿದೆ. ಅದರ ಕೆಂಪು ದೀಪಗಳು ಹತ್ತಲಿಲ್ಲ. ಧೂಳು ಸುಟ್ಟ ವಾಸನೆ ಮಾತ್ರ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಈ ಡಬ್ಬದ ಗುಂಡಿಗಳನ್ನು ಮೇಲೆ ಕೆಳಗೆ ಜರುಗಿಸುತ್ತಾ ಕೂತಿರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹಾಳು ಡಬ್ಬ. ಎಸೆಯಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ, ಎಸೆಯಲಾಗಲಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟಿನ ಮಗ್ಗವಿಲ್ಲದ ಮನೆ ಇರಲಿಲ್ಲ. ಬೆಳಗಾದರೆ ಖಟಪಟ ಶುರು. ಪಕ್ಕದಲ್ಲೇ ಕೂತವರ ಜೊತೆ ಮಾತಾಡಬೇಕಾದರೂ ಕೂಗಬೇಕು. ಆ ಸದ್ದಿನಲ್ಲೂ ಅಕ್ಕ ಹಾಡಿಕೊಳ್ಳುತ್ತಿದ್ದಳು. ಅವಳು ನನ್ನ ಒಡಹುಟ್ಟಿದವಳಲ್ಲ; ಎದುರುಮನೆಗೆ ಸೊಸೆಯಾಗಿ ಬಂದವಳು, ನನಗಿಂತ ಸ್ವಲ್ಪ ದೊಡ್ಡವಳು. ಯಾರ ಮನೆಯಲ್ಲಿ ಮದುವೆಯಾದರೂ ಹಸೆ ಹಾಡಿಗೆ ಅವಳೇ ಬೇಕು. ದನಿ ದಪ್ಪ, ಕೊಂಚ ಒರಟು. ಕೇಳುತ್ತಿದ್ದರೆ ಒಲೆ ಮುಂದೆ ಕೂತ ಹಾಗೆ ಬೆಚ್ಚಗಾಗುತ್ತಿತ್ತು...

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳಿಗೊಂದು ಹೆಣ್ಣು ಮಗು ಹುಟ್ಟಿತು. ಅದು ಅಂಬೆಗಾಲಿಡುವ ಮುಂಚೆಯೇ ಅಕ್ಕನ ಗಂಟಲಲ್ಲಿ ಗಡ್ಡೆ ಅಂದರು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಅಂತ ಬೆಂಗಳೂರಿನ ಡಾಕ್ಟರು ಹೇಳಿಬಿಟ್ಟರು. ಅಂದು ಸಂಜೆ ನಮ್ಮ ಮನೆ ಜಗುಲಿಗೆ ಬಂದು ಕೂತಳು.

"ಮಗೂಗೆ ನನ್ ದನಿ ನೆನಪಿರತ್ತೇನೇ?" ಅಂದಳು.

ಆ ಕೂಸಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ.

ನಮ್ಮ ಮನೆಯಲ್ಲೊಂದು ಟೇಪ್ ರೆಕಾರ್ಡರ್ ಇತ್ತು. ಜೋಗುಳಗಳನ್ನು ಅದರಲ್ಲಿ ತುಂಬಿಸಿಡುವುದು ಅಂತಾಯಿತು. ಆದರೆ ನಮ್ಮ ಬೀದಿಯಲ್ಲಿ ನಿಶ್ಶಬ್ದವನ್ನು ಎಲ್ಲಿಂದ ತರುವುದು? ಕರೆಂಟು ಹೋದರೆ ಮಾತ್ರ ಮಗ್ಗಗಳು ನಿಲ್ಲುತ್ತಿದ್ದವು. ಬೀದಿಯೆಲ್ಲಾ ಕರೆಂಟಿನವರಿಗೆ ಹಿಡಿಶಾಪ ಹಾಕುತ್ತಿದ್ದ ಹೊತ್ತಿಗೆ ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಮನೆಗೆ ಓಡಿಬರುತ್ತಿದ್ದಳು. ನಾನು ರೆಕಾರ್ಡರಿಗೆ ಸೆಲ್ ಹಾಕಿ ಅವಳ ಬಾಯಿಯ ಹತ್ತಿರವೇ ಹಿಡಿಯುತ್ತಿದ್ದೆ. ಅವಳು ಹಾಡುವಳು, ಕೆಮ್ಮುವಳು, ನೀರು ಕುಡಿದು ಮತ್ತೆ ಹಾಡುವಳು. ಆಸ್ಪತ್ರೆಗೆ ಸೇರುವ ಮುಂಚಿನ ಮಧ್ಯಾಹ್ನ ಕಡೆಯ ಜೋಗುಳ ಇನ್ನೂ ನಡೆಯುತ್ತಿರುವಾಗಲೇ ಕರೆಂಟು ಬಂದು, ಒಳಗೆ ನಮ್ಮ ಮಗ್ಗ ಓಡತೊಡಗಿತು. ನನಗೆ ಮೈಯೆಲ್ಲಾ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ಅಕ್ಕ ಏನೋ ಅಂದಳು, ಆ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಆಮೇಲೆ ಟೇಪನ್ನು ಹಿಂದಕ್ಕೆ ತಿರುಗಿಸಿ, ಅದೇ ಸೆಲ್ ಮೇಲೆ ಹಾಕಿ, ಕಿವಿ ಆನಿಸಿ ಕೇಳಿದಳು. ಎದೆ ಮುಟ್ಟಿಕೊಂಡು 'ನಾನೇ' ಅನ್ನುವಂತೆ ತಲೆಯಾಡಿಸಿದಳು. ಆ ಒಂದು ಸಮಾಧಾನದಿಂದ ಆಸ್ಪತ್ರೆಗೆ ಹೋದಳು.

ವಾಪಸು ಬಂದಾಗ ಕತ್ತಿನಲ್ಲಿ ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಕೂತವಳೇ ರೆಕಾರ್ಡರಿನ ಕಡೆ ಕೈ ತೋರಿಸಿದಳು. ಕರೆಂಟಿಗೆ ಸಿಕ್ಕಿಸಿ ಹಾಕಿದೆ. ಯಾವುದೋ ಚಿಕ್ಕ ಹುಡುಗಿ ಕೀರಲು ದನಿಯಲ್ಲಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಜೋಗುಳ ಹಾಡುತ್ತಿದ್ದಳು. ಅಕ್ಕ ನನ್ನ ಮುಖ ನೋಡಿದಳು. ಹೊಸ ಸೆಲ್ ತಂದು ಹಾಕಿದೆ. ಅದೇ ಹುಡುಗಿ. ಅಕ್ಕ ಬಾಯಿ ತೆರೆದು ಅತ್ತಳು, ಸದ್ದೇ ಇಲ್ಲ. ಅದನ್ನು ನೋಡಲಾರದೆ ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಭಾವ, ಅಂದರೆ ಅಕ್ಕನ ಗಂಡ, ಹೇಗಾದರೂ ಸರಿ ಮಾಡಿಸೋಣ ಅಂತ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರು. ರೇಡಿಯೋ ಸಾಮಾನಿನ ಅಂಗಡಿಗಳೇ ತುಂಬಿದ್ದ ಬೀದಿಯಲ್ಲಿ ಅಂಗಡಿ ಅಂಗಡಿ ಅಲೆದೆವು. ಕಡೆಗೆ ಒಬ್ಬ ಕ್ಯಾಸೆಟ್ಟು ಕೇಳುವ ಪುರುಸೊತ್ತೂ ಇಲ್ಲದೆ ಈ ಡಬ್ಬ ಎಳೆದಿಟ್ಟ.

"ವಾಯ್ಸ್ ತೆಳ್ಳಗಾಗಿದೆ ಅಂದ್ರಲ್ಲ, ಈಕ್ವಲೈಸರ್ ತಗೊಳ್ಳಿ. ಬೇಸ್ ಏರಿಸಿದ್ರೆ ದಪ್ಪ ಆಗತ್ತೆ."

ಪಕ್ಕದಲ್ಲಿ ತಿರುಗಿಸುವ ಪುಟ್ಟ ಚಕ್ರವಿದ್ದ ಕ್ಯಾಸೆಟ್ ಡೆಕ್ ಒಂದಿತ್ತು. ಅದು ಯಾತಕ್ಕೆ ಅಂತ ಭಾವ ಕೇಳಿದರು.

"ಅದು ಸ್ಪೀಡ್‌ಗೆ. ಕ್ಯಾಸೆಟ್ ಕಂಪನಿಯವ್ರು ತಗೊಳ್ಳೋದು, ನಿಮಗ್ಯಾಕೆ?"

ಅದರ ಬೆಲೆ ಕೇಳಿ ಭಾವ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ನಮಗೂ ಬೇಕಾಗಿದ್ದದ್ದು ದಪ್ಪ ದನಿ, ಸ್ಪೀಡು ಯಾರಿಗೆ ಬೇಕು? ಕೈಗೆಟಕುವ ಡಬ್ಬವನ್ನು ಹೊತ್ತು ತಂದೆವು.

ಆಮೇಲೆ ದಿನವೂ ಅದೇ ಕೆಲಸ. ಅಕ್ಕ ಒಂದು ಗುಂಡಿ ಏರಿಸುವಳು, ಒಂದು ಇಳಿಸುವಳು. ಹುಡುಗಿ ಬಾವಿಯೊಳಗಿಂದ ಹಾಡುವಳು. ಇನ್ನೊಂದು ಗುಂಡಿ ಜರುಗಿಸಿದರೆ ಮೂಗು ಕಟ್ಟಿಕೊಂಡು ಹಾಡುವಳು. ಹುಡುಗಿ ಮಾತ್ರ ಅಕ್ಕನಾಗಲಿಲ್ಲ. ತೊಡೆಯ ಮೇಲಿನ ಮಗು ಆ ಕೀರಲು ದನಿಗೆ ಬೆಚ್ಚಿ ಅಳುತ್ತಿತ್ತು. ಅನ್ನ ನೀರು ಬಿಟ್ಟು ಕೂತವಳನ್ನು ಎಬ್ಬಿಸಲು ಹೋದರೆ ನನ್ನ ಕೈ ಕೊಡವುತ್ತಿದ್ದಳು. ಕಡೆಗೆ ಒಂದು ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ಇದು ನಾನಲ್ಲ. ಮಗೂಗೆ ಕೇಳಿಸ್ಬೇಡ." ಡಬ್ಬವನ್ನೂ ಕ್ಯಾಸೆಟ್ಟನ್ನೂ ತನ್ನ ಸೀರೆಯಲ್ಲೇ ಸುತ್ತಿ ನನ್ನ ಮಡಿಲಿಗೆ ಹಾಕಿದಳು.

ಮಗಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾ ಬೆಳೆಸಿದಳು. ಮಗಳು ಹೈಸ್ಕೂಲಿನಲ್ಲಿದ್ದಾಗ ಕಾಯಿಲೆ ಮರುಕಳಿಸಿ ಅಕ್ಕ ಹೋಗಿಬಿಟ್ಟಳು...

ಹೋದ ತಿಂಗಳು ಆ ಕ್ಯಾಸೆಟ್ಟನ್ನು ಅಕ್ಕನ ಮಗಳ ಕೈಗೆ ಕೊಟ್ಟೆ. ನನಗೂ ವಯಸ್ಸಾಯಿತು, ಇನ್ನು ಯಾವಾಗ ಕೊಡಲಿ? ಅವಳು ಅದನ್ನು ಫೋನಿಗೆ ಹಾಕಿಸಿಕೊಂಡು ಮೊನ್ನೆ ಬಂದಳು. ಸೆಲ್ಲು ಸೋತಿದ್ದರಿಂದ ತುಂಬಿಸುವಾಗ ಟೇಪು ನಿಧಾನವಾಗಿ ತಿರುಗಿದೆಯಂತೆ, ಅದಕ್ಕೇ ಅಂದು ಅದೇ ಸೆಲ್ಲಿನಲ್ಲಿ ಸರಿಯಾಗಿದ್ದ ದನಿ ಕರೆಂಟಿಗೋ ಹೊಸ ಸೆಲ್ಲಿಗೋ ಹಾಕಿದರೆ ಓಡುತ್ತದಂತೆ. ಈಗ ಸ್ಪೀಡನ್ನು ಬೆರಳಲ್ಲೇ ಇಳಿಸಬಹುದಂತೆ, ಅದೂ ಪುಕ್ಕಟೆ.

"ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಿಲ್ಲ ಚಿಕ್ಕಮ್ಮ. ಅಮ್ಮನ ದನಿ ಕೇಳಿರೋರು ನೀವು. ಹೇಳಿ."

ಕಣ್ಣು ಮುಚ್ಚಿದೆ. ಅವಳು ಇಳಿಸುತ್ತಾ ಹೋದಳು. ಇದಾ? ಇದಾ? ಎಲ್ಲವೂ ಅಕ್ಕನ ಹಾಗೆ, ಯಾವುದೂ ಅಕ್ಕನಲ್ಲ. ನನಗೆ ಮರೆತುಹೋಗಿತ್ತು. ಜೊತೆಯಲ್ಲೇ ಬದುಕಿದವಳ ದನಿ ಮರೆತುಹೋಗಿತ್ತು.

ಅಷ್ಟರಲ್ಲಿ ಫೋನಿನೊಳಗೆ ಮಗ್ಗ ಓಡತೊಡಗಿತು.

"ಇಷ್ಟು ಜೋರಾಗಿ ಓಡಲ್ಲ ಅದು, ನೂಲು ಕಿತ್ಕೊಂಡು ಹೋಗತ್ತೆ. ಇಳಿಸು," ಅಂದೆ. ಆ ಮಗ್ಗದ ಮುಂದೆಯೇ ನನ್ನ ಆಯಸ್ಸು ಕಳೆದಿದೆ. ಲಾಳಿ ಹೋಗಿ ಬರುವ ಗತಿ ನನ್ನ ಮೈಗೇ ಗೊತ್ತು. "ಇನ್ನೂ... ಇನ್ನೊಂಚೂರು... ನಿಲ್ಸು."

ಸ್ಪೀಡನ್ನು ಅಲ್ಲಿಗೇ ಬಿಟ್ಟು, ಕಡೆಯ ಜೋಗುಳವನ್ನು ಮತ್ತೆ ಹಾಕಿದಳು. ದಪ್ಪ ದನಿ, ಕೊಂಚ ಒರಟು. ಮಗ್ಗ ಶುರುವಾಯಿತು. ನಾನು ಬೈಯುವುದು ಕೇಳಿಸಿತು. ಅದರ ಹಿಂದೆಯೇ, ಅಂದು ನನಗೆ ಕೇಳದೆ, ಆಮೇಲೆ ಆ ಕೀರಲು ಓಟದಲ್ಲಿ ತಿಳಿಯದೆ ಹೋದ ಮಾತು:

"ಬೈಬೇಡ ಕಣೇ. ಅನ್ನ ಹಾಕೋ ಸದ್ದು ಅದು."

ಮಗಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಅಮ್ಮಾ" ಅಂದಳು. ಅವಳು ಅದನ್ನು ಮತ್ತೆ ಮತ್ತೆ ಹಾಕಿದಳು, ನಾನು ಬೇಡವೆನ್ನಲಿಲ್ಲ. ಅಕ್ಕ ಮಾತ್ರ 'ಇದು ನಾನಲ್ಲ' ಅಂದುಕೊಂಡೇ ಹೋಗಿಬಿಟ್ಟಳು.